ಸೇವಾಸಂಸ್ಥೆಯ ಎಸ್‌ಎಂಎಸ್ ಸ್ಪ್ಯಾಮ್ ಎಂದು ತಡೆಯಾಗದಿರಲು ಮಾಡಬೇಕಾದ ಕೆಲಸಗಳು

ರಕ್ತದಾನಿಗಳಿಗೆ ತುರ್ತು ಕರೆ ಕಳುಹಿಸಿದ ಸಂಸ್ಥೆಯವರು ಆಸ್ಪತ್ರೆಯ ಬಾಗಿಲಲ್ಲಿ ಕಾಯುತ್ತಾರೆ; ಬರುವವರು ಬೆರಳೆಣಿಕೆಯಷ್ಟು ಮಾತ್ರ. ಕಂಪ್ಯೂಟರಿನಲ್ಲಿ ನೋಡಿದರೆ ಪ್ರತಿ ಹೆಸರಿನ ಮುಂದೆಯೂ ‘ಕಳುಹಿಸಲಾಗಿದೆ’ ಎಂದೇ ಇರುತ್ತದೆ. ಮರುದಿನ ದಾನಿಗಳನ್ನು ವಿಚಾರಿಸಿದಾಗ ಕೆಲವರಿಗೆ ಸಂದೇಶ ಬಂದೇ ಇಲ್ಲವೆಂದೂ, ಇನ್ನು ಕೆಲವರ ಫೋನಿನಲ್ಲಿ ಅದು ಯಾರೂ ತೆರೆದು ನೋಡದ ಸ್ಪ್ಯಾಮ್ ಫೋಲ್ಡರಿಗೆ ಹೋಗಿ ಬಿದ್ದಿದೆಯೆಂದೂ ತಿಳಿಯುತ್ತದೆ. ನಾನು ಸಂದೇಶಗಳ ಹೊಣೆ ಹೊತ್ತಿದ್ದ ಒಂದು ಸಂಸ್ಥೆಯಲ್ಲಿ ಇದು ನಿಜವಾಗಿಯೂ ನಡೆಯಿತು. ಅಂದು ನಾವು ಹಿಂದಿನ ದಿನವಷ್ಟೇ ಪಡೆದ ಹೊಸ ಸಂಖ್ಯೆಯಿಂದ, ಹಲವು ಶಿಬಿರಗಳ ಹಾಜರಿ ಪುಸ್ತಕಗಳನ್ನು ಒಟ್ಟುಗೂಡಿಸಿ ಮಾಡಿದ ಪಟ್ಟಿಗೆ, ಉಚಿತ ಸೇವೆಯೊಂದರಲ್ಲಿ ಚಿಕ್ಕದಾಗಿಸಿದ ಲಿಂಕ್ ಸೇರಿಸಿ, ಎಲ್ಲರಿಗೂ ಒಂದೇ ಗಳಿಗೆಯಲ್ಲಿ ಸಂದೇಶ ಕಳುಹಿಸಿದ್ದೆವು. ಉದ್ದೇಶ ಒಳ್ಳೆಯದಾಗಿದ್ದರೂ ನಮ್ಮ ನಡೆ ಒಬ್ಬ ವಂಚಕನ ನಡೆಯನ್ನೇ ಹೋಲುತ್ತಿತ್ತು ಎಂಬುದು ಅನಂತರ ಒಂದೊಂದಾಗಿ ಕಾರಣಗಳನ್ನು ಹುಡುಕುತ್ತಾ ಹೋದಾಗ ಅರ್ಥವಾಯಿತು.

ಸಂದೇಶಗಳನ್ನು ಶೋಧಿಸುವ ಯಂತ್ರಕ್ಕೆ ಸಂಸ್ಥೆಯ ಧ್ಯೇಯ ಕಾಣುವುದಿಲ್ಲ. ಕಳುಹಿಸುತ್ತಿರುವವರು ಯಾರು, ಪಡೆಯುವವರು ಅದನ್ನು ಕೇಳಿಕೊಂಡಿದ್ದರೇ, ಹಿಂದಿನ ಸಂದೇಶಗಳನ್ನು ಅವರು ಹೇಗೆ ಸ್ವೀಕರಿಸಿದರು ಎಂಬುದಷ್ಟೇ ಅದಕ್ಕೆ ಕಾಣುತ್ತದೆ. ಆದ್ದರಿಂದ ಈ ಲೇಖನದಲ್ಲಿ ಹೇಳಿರುವ ಕೆಲಸಗಳಲ್ಲಿ ಹೆಚ್ಚಿನವು ಸಂದೇಶ ಬರೆಯುವ ದಿನಕ್ಕಿಂತ ವಾರಗಟ್ಟಲೆ ಮೊದಲೇ ಮುಗಿದಿರಬೇಕಾದ ಕೆಲಸಗಳು. ತುರ್ತು ಬಂದ ಮೇಲೆ ಅವುಗಳಿಗೆ ಸಮಯವಿರುವುದಿಲ್ಲ.

ತಡೆ ಎಲ್ಲಿ ಬೀಳುತ್ತದೆ ಎಂಬುದನ್ನು ಮೊದಲು ತಿಳಿಯಿರಿ

ನೀವು ಕಳುಹಿಸಿದ ಸಂದೇಶ ನೇರವಾಗಿ ದಾನಿಯ ಫೋನಿಗೆ ಹೋಗುವುದಿಲ್ಲ. ಅದು ಮೊದಲು ನೀವು ಬಳಸುವ ಸಾಫ್ಟ್‌ವೇರ್ ಸೇವೆಗೆ, ಅಲ್ಲಿಂದ ಅನೇಕ ಗ್ರಾಹಕರ ಸಂದೇಶಗಳನ್ನು ಒಟ್ಟುಗೂಡಿಸಿ ಸಾಗಿಸುವ ಮಧ್ಯವರ್ತಿ ಕಂಪನಿಗೆ, ಅಲ್ಲಿಂದ ಪಡೆಯುವವರ ಟೆಲಿಕಾಂ ಕಂಪನಿಗೆ, ಕೊನೆಯಲ್ಲಿ ಫೋನಿಗೆ ತಲುಪುತ್ತದೆ. ಈ ಪ್ರತಿ ಹಂತದಲ್ಲಿಯೂ ಒಂದೊಂದು ಜರಡಿ ಇದೆ. ಸಾಫ್ಟ್‌ವೇರ್ ಸೇವೆಯು ತನ್ನ ನಿಯಮಗಳಿಗೆ ಒಗ್ಗದ ವಿಷಯವನ್ನು ತಡೆಯುತ್ತದೆ. ಟೆಲಿಕಾಂ ಕಂಪನಿ ನೋಂದಣಿ, ಕಳುಹಿಸುವ ವೇಗ, ಪಠ್ಯದ ಹೋಲಿಕೆ, ಲಿಂಕಿನ ಹಿನ್ನೆಲೆ, ಗ್ರಾಹಕರ ದೂರು ಮುಂತಾದವುಗಳನ್ನು ತೂಗಿ ನೋಡುತ್ತದೆ. ಫೋನಿನಲ್ಲಿರುವ ಸಂದೇಶದ ಆ್ಯಪ್ ತನ್ನದೇ ಅಂದಾಜಿನ ಮೇಲೆ ಅದನ್ನು ಸ್ಪ್ಯಾಮ್ ಫೋಲ್ಡರಿಗೋ ಅಪರಿಚಿತರ ಪಟ್ಟಿಗೋ ಸರಿಸುತ್ತದೆ.

ಹೀಗಾಗಿ ‘ಕಳುಹಿಸಲಾಗಿದೆ’ ಎಂಬ ಮಾತಿಗೂ ‘ತಲುಪಿದೆ’ ಎಂಬ ಮಾತಿಗೂ ಇರುವ ಅಂತರವನ್ನು ನಿಮ್ಮ ತಂಡದ ಪ್ರತಿಯೊಬ್ಬರೂ ತಿಳಿದಿರಬೇಕು. ಮೊದಲನೆಯದು ಸಂದೇಶ ನಿಮ್ಮ ಕೈಬಿಟ್ಟು ಹೋಯಿತು ಎಂದಷ್ಟೇ ಹೇಳುತ್ತದೆ. ಎರಡನೆಯದು ಟೆಲಿಕಾಂ ಕಂಪನಿಯಿಂದ ಹಿಂದಿರುಗಿ ಬರುವ ರಸೀದಿಯನ್ನು ಆಧರಿಸಿರುತ್ತದೆ. ಆ ರಸೀದಿ ಕೂಡ, ಫೋನಿನೊಳಗೆ ಸಂದೇಶ ಯಾವ ಫೋಲ್ಡರಿಗೆ ಹೋಯಿತು ಎಂಬುದನ್ನು ಹೇಳಲಾರದು.

ಮೊದಲ ಹೆಜ್ಜೆ: ಒಪ್ಪಿಗೆ ಮತ್ತು ಅದರ ದಾಖಲೆ

ಇದೊಂದನ್ನು ಸರಿಯಾಗಿ ಮಾಡಿದರೆ ಉಳಿದ ಕೆಲಸಗಳಲ್ಲಿ ಅರ್ಧ ತಾನಾಗಿಯೇ ಹಗುರವಾಗುತ್ತದೆ ಎಂಬುದು ನನ್ನ ಅನುಭವ. ಸಂಸ್ಥೆಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತೆಂದರೆ, ‘ಅವರು ನಮ್ಮ ಶಿಬಿರಕ್ಕೆ ಬಂದವರು, ನಮ್ಮನ್ನು ಬಲ್ಲವರು, ಸಂದೇಶ ಕಳುಹಿಸಿದರೆ ಬೇಸರ ಪಡುವುದಿಲ್ಲ’ ಎಂಬುದು. ಆದರೆ ಹಾಜರಿ ಪುಸ್ತಕದಲ್ಲಿ ಸಂಖ್ಯೆ ಬರೆದವರು ಹಾಜರಿಗಾಗಿ ಬರೆದರೇ ಹೊರತು ವರ್ಷವಿಡೀ ದೇಣಿಗೆಯ ಮನವಿ ಪಡೆಯುವುದಕ್ಕಾಗಿ ಅಲ್ಲ. ಎರಡು ವರ್ಷದ ಅನಂತರ ಏಕಾಏಕಿ ಬರುವ ಸಂದೇಶ ಅವರಿಗೆ ಅಪರಿಚಿತರದ್ದೇ ಆಗಿರುತ್ತದೆ. ಅವರು ಅದನ್ನು ಸ್ಪ್ಯಾಮ್ ಎಂದು ಗುರುತು ಹಾಕುತ್ತಾರೆ, ಆ ಗುರುತು ಟೆಲಿಕಾಂ ಕಂಪನಿಗೋ ಆ್ಯಪ್ ತಯಾರಕರಿಗೋ ತಲುಪುತ್ತದೆ, ಅಂಥ ಗುರುತುಗಳು ಕೂಡಿದಂತೆ ನಿಮ್ಮ ಮುಂದಿನ ಸಂದೇಶ ಒಪ್ಪಿಗೆ ಕೊಟ್ಟವರಿಗೂ ತಲುಪದೆ ಹೋಗುತ್ತದೆ. ಅಮೆರಿಕ, ಬ್ರಿಟನ್, ಕೆನಡಾಗಳಲ್ಲಿ 7726 ಎಂಬ ಸಂಖ್ಯೆಗೆ ಸಂದೇಶವನ್ನು ರವಾನಿಸಿ ದೂರು ಕೊಡುವ ವ್ಯವಸ್ಥೆ ಇದೆ. ಭಾರತದಲ್ಲಿ 1909ಕ್ಕೆ ದೂರು ಕೊಡಬಹುದು. ಹಲವು ಫೋನುಗಳಲ್ಲಿ ಅಷ್ಟು ಶ್ರಮವೂ ಬೇಡ, ಒಂದು ಗುಂಡಿ ಒತ್ತಿದರೆ ಸಾಕು.

ಒಪ್ಪಿಗೆ ಪಡೆಯುವ ವಾಕ್ಯವು ಏನು ಬರುತ್ತದೆ, ಎಷ್ಟು ಬಾರಿ ಬರುತ್ತದೆ, ಹೇಗೆ ನಿಲ್ಲಿಸಬಹುದು ಎಂಬ ಮೂರನ್ನೂ ಹೇಳಬೇಕು. ಉದಾಹರಣೆಗೆ: ‘ಶಿಬಿರದ ಸೂಚನೆಗಳನ್ನೂ ತುರ್ತು ರಕ್ತದ ಮನವಿಗಳನ್ನೂ ಈ ಸಂಸ್ಥೆಯಿಂದ ಎಸ್‌ಎಂಎಸ್ ಮೂಲಕ ಪಡೆಯಲು ನನ್ನ ಒಪ್ಪಿಗೆ ಇದೆ. ತಿಂಗಳಿಗೆ ಹೆಚ್ಚೆಂದರೆ ನಾಲ್ಕು ಸಂದೇಶ. ಬೇಡವಾದಾಗ ಸ್ಟಾಪ್ ಎಂದು ಉತ್ತರಿಸಿ ನಿಲ್ಲಿಸಬಹುದು.’ ಅರ್ಜಿಯಲ್ಲಿ ಇದರ ಮುಂದಿನ ಚೌಕ ಖಾಲಿ ಇರಬೇಕು, ಗುರುತನ್ನು ಅವರೇ ಹಾಕಬೇಕು. ಮೊದಲೇ ಗುರುತು ಹಾಕಿಟ್ಟ ಚೌಕವನ್ನು ಐರೋಪ್ಯ ಒಕ್ಕೂಟದಲ್ಲಿ 2018ರಿಂದ ಜಾರಿಯಲ್ಲಿರುವ ದತ್ತಾಂಶ ರಕ್ಷಣಾ ನಿಯಮ ಒಪ್ಪಿಗೆಯೆಂದು ಪರಿಗಣಿಸುವುದಿಲ್ಲ. ದೇಣಿಗೆ ಕೊಡುವುದಕ್ಕೋ ಸ್ವಯಂಸೇವಕರಾಗುವುದಕ್ಕೋ ಸಂದೇಶಗಳಿಗೆ ಒಪ್ಪುವುದನ್ನು ಷರತ್ತಾಗಿ ಇಡಬೇಡಿ.

ಒಪ್ಪಿಗೆ ಪಡೆದ ದಿನಾಂಕ ಮತ್ತು ಸಮಯ, ಯಾವ ಅರ್ಜಿಯಿಂದ ಅಥವಾ ಯಾವ ಸಂದರ್ಭದಲ್ಲಿ ಬಂತು ಎಂಬ ವಿವರ, ಆಗ ಅವರು ಓದಿದ ವಾಕ್ಯದ ನಕಲು ಇವಿಷ್ಟನ್ನು ಪ್ರತಿ ಸಂಖ್ಯೆಯ ಜೊತೆಗೆ ದಾಖಲಿಸಿಟ್ಟುಕೊಳ್ಳಿ. ಕಾಗದದ ಅರ್ಜಿಯಾಗಿದ್ದರೆ ಅದರ ಚಿತ್ರವನ್ನು ಉಳಿಸಿಕೊಳ್ಳಿ. ಮುಂದೊಂದು ದಿನ ಸಂದೇಶಗಳು ತಡೆಯಾಗಿ ನೀವು ಮೇಲ್ಮನವಿ ಸಲ್ಲಿಸಬೇಕಾದಾಗ, ಟೆಲಿಕಾಂ ಕಂಪನಿಯವರು ಕೇಳುವ ಮೊದಲ ವಸ್ತು ಇದೇ ಆಗಿರುತ್ತದೆ. ಸಾಧ್ಯವಿದ್ದಲ್ಲಿ ಹೊಸ ಸಂಖ್ಯೆಗೆ ಮೊದಲು ಒಂದೇ ಒಂದು ದೃಢೀಕರಣ ಸಂದೇಶ ಕಳುಹಿಸಿ, ‘ಹೌದು’ ಎಂಬ ಉತ್ತರ ಬಂದ ಮೇಲೆ ಮಾತ್ರ ಪಟ್ಟಿಗೆ ಸೇರಿಸುವ ಪದ್ಧತಿ ಇಟ್ಟುಕೊಳ್ಳಿ. ಪಟ್ಟಿ ಬೆಳೆಯುವುದು ಇದರಿಂದ ನಿಧಾನವಾಗುತ್ತದೆ ನಿಜ. ಆದರೆ ತಪ್ಪಾಗಿ ಬರೆದುಕೊಂಡ ಸಂಖ್ಯೆಗಳು ಹೊರಗೇ ಉಳಿಯುತ್ತವೆ.

ಬೇರೆ ಸಂಸ್ಥೆಯಿಂದ ಪಡೆದ ಪಟ್ಟಿಯನ್ನು, ಅದು ಎಷ್ಟೇ ಆತ್ಮೀಯರ ಸಂಸ್ಥೆಯಾಗಿರಲಿ, ಬಳಸಬೇಡಿ. ಒಪ್ಪಿಗೆ ಕೊಟ್ಟಿದ್ದು ಅವರಿಗೆ, ನಿಮಗಲ್ಲ. ಅದೇ ರೀತಿ ನಿಮ್ಮ ಖಾಸಗಿತನ ನೀತಿಯಲ್ಲಿ ಮೊಬೈಲ್ ಸಂಖ್ಯೆಗಳನ್ನು ಪ್ರಚಾರಕ್ಕಾಗಿ ಬೇರೆಯವರೊಂದಿಗೆ ಹಂಚಿಕೊಳ್ಳುವುದಿಲ್ಲ ಎಂದು ಸ್ಪಷ್ಟವಾಗಿ ಬರೆಯಿರಿ. ಅಮೆರಿಕದಲ್ಲಿ ನೋಂದಣಿ ಅರ್ಜಿಗಳು ತಿರಸ್ಕೃತವಾಗುವ ಸಾಮಾನ್ಯ ಕಾರಣಗಳಲ್ಲಿ ಈ ವಾಕ್ಯ ಇಲ್ಲದಿರುವುದೂ ಒಂದು.

ಎರಡನೆಯ ಹೆಜ್ಜೆ: ನೋಂದಣಿ

ಹಿಂದೆ ಒಂದು ಸಂಖ್ಯೆ ಪಡೆದು ಸಂದೇಶ ಕಳುಹಿಸತೊಡಗಬಹುದಿತ್ತು. ಈಗ ಅನೇಕ ದೇಶಗಳಲ್ಲಿ ಸಂಸ್ಥೆಯ ಗುರುತು ದಾಖಲಾಗದ ಹೊರತು ಸಂದೇಶ ಮುಂದೆ ಹೋಗುವುದಿಲ್ಲ. ಸಂದೇಶ ಯಾವ ದೇಶದಿಂದ ಹೊರಡುತ್ತದೆ ಎಂಬುದಕ್ಕಿಂತ, ಪಡೆಯುವವರ ಸಂಖ್ಯೆ ಯಾವ ದೇಶದ್ದು ಎಂಬುದೇ ಇಲ್ಲಿ ಮುಖ್ಯ. ಹೊರದೇಶದ ದಾನಿಗಳಿಗೂ ಸಂದೇಶ ಕಳುಹಿಸುವ ಸಂಸ್ಥೆಗಳು ಇದನ್ನು ಮರೆಯಬಾರದು.

ಅಮೆರಿಕದಲ್ಲಿ ಹತ್ತು ಅಂಕಿಯ ಸಾಮಾನ್ಯ ಸಂಖ್ಯೆಗಳಿಂದ ಸಾಫ್ಟ್‌ವೇರ್ ಮೂಲಕ ಕಳುಹಿಸುವ ಸಂದೇಶಗಳಿಗೆ 10ಡಿಎಲ್‌ಸಿ ಎಂಬ ವ್ಯವಸ್ಥೆ ಇದೆ. ಸಂಸ್ಥೆಯೂ ಅದರ ಪ್ರತಿ ಸಂದೇಶ ಅಭಿಯಾನವೂ ದ ಕ್ಯಾಂಪೇನ್ ರಿಜಿಸ್ಟ್ರಿ ಎಂಬ ನೋಂದಣಿ ಸಂಸ್ಥೆಯಲ್ಲಿ ದಾಖಲಾಗಬೇಕು. 501ಸಿ3 ವರ್ಗದ ತೆರಿಗೆ ವಿನಾಯಿತಿ ಪಡೆದ ಸಂಸ್ಥೆಗಳಿಗೆ ಅಲ್ಲಿ ದತ್ತಿ ಎಂಬ ಪ್ರತ್ಯೇಕ ವಿಭಾಗವೇ ಇದೆ. ಸಾಮಾನ್ಯ ವಾಣಿಜ್ಯ ವಿಭಾಗದಲ್ಲಿ ಅರ್ಜಿ ಹಾಕುವ ಮುನ್ನ ಇದನ್ನು ವಿಚಾರಿಸಿಕೊಳ್ಳಿ. ಟೋಲ್ ಫ್ರೀ ಸಂಖ್ಯೆಯಿಂದ ಕಳುಹಿಸುವುದಾದರೆ ಅದಕ್ಕೆ ಬೇರೆ ಪರಿಶೀಲನೆ ಇದೆ. ಅಮೆರಿಕ ಮತ್ತು ಕೆನಡಾದಲ್ಲಿ ಸಂಖ್ಯೆಯ ಬದಲು ಅಕ್ಷರಗಳ ಹೆಸರಿನಿಂದ ಸಂದೇಶ ಕಳುಹಿಸುವ ಅವಕಾಶವಿಲ್ಲ.

ಭಾರತದಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2018ರಲ್ಲಿ ಹೊರಡಿಸಿದ ನಿಯಮಾವಳಿಯಂತೆ ಟೆಲಿಕಾಂ ಕಂಪನಿಗಳು ನಡೆಸುವ ಡಿಎಲ್‌ಟಿ ಎಂಬ ನೋಂದಣಿ ವೇದಿಕೆಯಲ್ಲಿ ಸಂಸ್ಥೆಯು ಪ್ರಿನ್ಸಿಪಲ್ ಎಂಟಿಟಿಯಾಗಿ, ಅಂದರೆ ಸಂದೇಶದ ಮೂಲ ಕರ್ತೃವಾಗಿ, ನೋಂದಾಯಿಸಿಕೊಂಡು, ಹೆಡರ್ (ಕಳುಹಿಸುವವರ ಜಾಗದಲ್ಲಿ ಕಾಣುವ ಚಿಕ್ಕ ಹೆಸರು) ಮತ್ತು ಸಂದೇಶದ ಟೆಂಪ್ಲೇಟ್‌ಗಳಿಗೆ ಅನುಮೋದನೆ ಪಡೆಯಬೇಕು. ಅನುಮೋದಿತ ಟೆಂಪ್ಲೇಟಿನಲ್ಲಿ ಬದಲಾಗುವ ಭಾಗಕ್ಕೆಂದು ಬಿಟ್ಟಿರುವ ಜಾಗದ ಹೊರತು ಬೇರೆಲ್ಲಿ ಒಂದು ಪದ ಬದಲಾದರೂ ಸಂದೇಶ ತಿರಸ್ಕೃತವಾಗಬಹುದು. 2024ರ ಅಕ್ಟೋಬರ್ 1ರಿಂದ, ಮೊದಲೇ ನೋಂದಾಯಿಸಿ ಅನುಮೋದನೆ ಪಡೆಯದ ಲಿಂಕ್ ಇರುವ ಸಂದೇಶಗಳನ್ನು ತಡೆಯಲಾಗುತ್ತಿದೆ; ಅದೇ ವರ್ಷದ ಡಿಸೆಂಬರ್‌ನಿಂದ ಸಂಸ್ಥೆಯಿಂದ ಟೆಲಿಕಾಂ ಕಂಪನಿಯವರೆಗಿನ ಮಧ್ಯವರ್ತಿಗಳ ಸರಪಳಿಯೂ ದಾಖಲಾಗಿರಬೇಕು. ಸಿಂಗಪುರದಲ್ಲಿ 2023ರ ಜನವರಿ 31ರಿಂದ ನೋಂದಾಯಿಸದ ಅಕ್ಷರಹೆಸರಿನಿಂದ ಬಂದ ಸಂದೇಶಗಳಿಗೆ, ಅದು ಬಹುಶಃ ವಂಚನೆ ಎಂಬ ಹಣೆಪಟ್ಟಿಯೇ ಅಂಟಿಕೊಂಡು ಬರುತ್ತದೆ. ಒಂದು ಸೇವಾಸಂಸ್ಥೆಯ ಹೆಸರಿಗೆ ಅದಕ್ಕಿಂತ ದೊಡ್ಡ ಹಾನಿ ಬೇರೆ ಯಾವುದಿದ್ದೀತು!

ಸೇವಾಸಂಸ್ಥೆಗಳಿಗೆ ಕಾನೂನು ಕೆಲವೆಡೆ ವಿನಾಯಿತಿ ಕೊಟ್ಟಿದೆ. 2014ರಿಂದ ಜಾರಿಯಲ್ಲಿರುವ ಕೆನಡಾದ ಸ್ಪ್ಯಾಮ್ ವಿರೋಧಿ ಕಾನೂನು, ನೋಂದಾಯಿತ ದತ್ತಿಸಂಸ್ಥೆಗಳು ನಿಧಿ ಸಂಗ್ರಹವನ್ನೇ ಮುಖ್ಯ ಉದ್ದೇಶವಾಗಿಟ್ಟು ಕಳುಹಿಸುವ ಸಂದೇಶಗಳನ್ನು ತನ್ನ ಒಪ್ಪಿಗೆಯ ನಿಯಮದಿಂದ ಹೊರಗಿಟ್ಟಿದೆ. ಬ್ರಿಟನ್ನಿನಲ್ಲಿ ಇದಕ್ಕೆ ವಿರುದ್ಧವಾಗಿ, ಸಂಸ್ಥೆಯ ಧ್ಯೇಯವನ್ನು ಪ್ರಚಾರ ಮಾಡುವ ಸಂದೇಶವೂ ನೇರ ಮಾರಾಟದ ಸಂದೇಶದಂತೆಯೇ ನಿಯಮಕ್ಕೊಳಪಡುತ್ತದೆ. ಆದರೆ ನನ್ನ ಸಲಹೆ ಏನೆಂದರೆ, ವಿನಾಯಿತಿಯ ಆಸರೆ ಹಿಡಿಯಬೇಡಿ. ಕಾನೂನಿನ ವಿನಾಯಿತಿ ನಿಮ್ಮನ್ನು ದಂಡದಿಂದ ಕಾಪಾಡಬಹುದೇ ಹೊರತು ಟೆಲಿಕಾಂ ಕಂಪನಿಯ ಜರಡಿಯಿಂದಲ್ಲ. ಆ ಜರಡಿ ಕಂಪನಿಯ ಸ್ವಂತ ನಿಯಮದಂತೆ ನಡೆಯುತ್ತದೆ.

ಅರ್ಜಿ ತುಂಬುವಾಗ ಸಂಸ್ಥೆಯ ಹೆಸರು ನೋಂದಣಿ ಪತ್ರದಲ್ಲಿ ಇರುವಂತೆಯೇ ಅಕ್ಷರಶಃ ಇರಲಿ. ಜನ ಕರೆಯುವ ಚಿಕ್ಕ ಹೆಸರು ಬೇರೆಯಿದ್ದರೆ ಎರಡರ ಸಂಬಂಧ ನಿಮ್ಮ ಜಾಲತಾಣದಲ್ಲಿ ಕಾಣುವಂತಿರಲಿ. ಮಾದರಿ ಸಂದೇಶಗಳೆಂದು ಕೊಟ್ಟದ್ದು ಒಂದು, ಅನಂತರ ಕಳುಹಿಸುವುದು ಇನ್ನೊಂದು ಎಂದಾಗದಂತೆ ನೋಡಿಕೊಳ್ಳಿ. ಶಿಬಿರದ ಸೂಚನೆಗೆಂದು ಅನುಮೋದನೆ ಪಡೆದ ದಾರಿಯಲ್ಲಿ ದೇಣಿಗೆಯ ಮನವಿ ಕಳುಹಿಸುವುದು ತಡೆಗೆ ತಾನಾಗಿ ಆಹ್ವಾನ ಕೊಟ್ಟಂತೆ. ಅನುಮೋದನೆಗೆ ದಿನಗಳು, ಕೆಲವೊಮ್ಮೆ ವಾರಗಳೇ ಹಿಡಿಯುವುದರಿಂದ, ತುರ್ತು ಸಂದರ್ಭದ ಸಂದೇಶಗಳ ಮಾದರಿಗಳನ್ನೂ ಸಮಾಧಾನದ ದಿನಗಳಲ್ಲಿಯೇ ಸಲ್ಲಿಸಿಟ್ಟುಕೊಳ್ಳಬೇಕು. ನಮ್ಮ ರಕ್ತದಾನದ ಕರೆಗೆ ಮುಂಚೆ ನಾವು ಮಾಡದೆ ಬಿಟ್ಟ ಕೆಲಸಗಳಲ್ಲಿ ನನ್ನನ್ನು ಇಂದಿಗೂ ಹೆಚ್ಚು ನೋಯಿಸುವುದು ಇದೇ.

ಸ್ವಯಂಸೇವಕರ ಸ್ವಂತ ಸಿಮ್‌ನಿಂದ ನೂರಾರು ಜನರಿಗೆ ಕಳುಹಿಸಿ ನೋಂದಣಿಯನ್ನು ತಪ್ಪಿಸಿಕೊಳ್ಳುವ ಯೋಚನೆ ಯಾರಿಗಾದರೂ ಬಂದರೆ ತಡೆಯಿರಿ. ವೈಯಕ್ತಿಕ ಸಂಖ್ಯೆಯಿಂದ ಒಂದೇ ಪಠ್ಯ ಸಾಲಾಗಿ ಹೊರಟರೆ ಜರಡಿ ಅದನ್ನು ಬೇಗ ಗುರುತಿಸುತ್ತದೆ, ಆಮೇಲೆ ಆ ವ್ಯಕ್ತಿಯ ಮನೆಮಂದಿಯ ಮಾತುಕತೆಯ ಸಂಖ್ಯೆಯೇ ನಿಂತುಹೋಗುವ ಅಪಾಯವಿರುತ್ತದೆ.

ಪಟ್ಟಿಯನ್ನು ಶುದ್ಧವಾಗಿಡುವುದು

ಬಳಕೆಯಲ್ಲಿಲ್ಲದ ಸಂಖ್ಯೆಗಳಿಗೆ ಪದೇಪದೇ ಸಂದೇಶ ಹೋಗುತ್ತಿದ್ದರೆ, ಕಳುಹಿಸುವವರು ಎಲ್ಲಿಂದಲೋ ಸಂಖ್ಯೆಗಳನ್ನು ಸಂಗ್ರಹಿಸಿದ್ದಾರೆ ಎಂಬ ಅನುಮಾನ ಜರಡಿಗೆ ಬರುತ್ತದೆ. ಆದ್ದರಿಂದ ಪ್ರತಿ ಬಾರಿ ಕಳುಹಿಸಿದ ಮೇಲೆ ತಲುಪದ ಸಂಖ್ಯೆಗಳನ್ನು ನೋಡಿ. ಸ್ಥಿರ ದೂರವಾಣಿ ಸಂಖ್ಯೆಗಳನ್ನೂ ಅಸ್ತಿತ್ವದಲ್ಲಿಲ್ಲದ ಸಂಖ್ಯೆಗಳನ್ನೂ ಕೂಡಲೇ ತೆಗೆಯಿರಿ. ಫೋನ್ ಆಫ್ ಆಗಿದ್ದರಿಂದ ತಲುಪದವನ್ನು ಎರಡು ಮೂರು ಬಾರಿ ನೋಡಿ ಆಮೇಲೆ ತೆಗೆಯಿರಿ. ಒಬ್ಬರು ಬಿಟ್ಟ ಸಂಖ್ಯೆಯನ್ನು ಟೆಲಿಕಾಂ ಕಂಪನಿ ಕೆಲಕಾಲದ ಮೇಲೆ ಮತ್ತೊಬ್ಬರಿಗೆ ಕೊಡುತ್ತದೆ ಎಂಬುದನ್ನು ನೆನಪಿಡಿ. ಹೊಸ ಒಡೆಯರಿಗೆ ನಿಮ್ಮ ಸಂಸ್ಥೆ ಯಾವುದೆಂದೇ ತಿಳಿದಿರುವುದಿಲ್ಲ. ವರ್ಷದಿಂದ ಯಾವ ಸಂದೇಶವನ್ನೂ ಕಳುಹಿಸದ ಹಳೆಯ ಪಟ್ಟಿಯಿದ್ದರೆ ಅದನ್ನು ಒಮ್ಮೆಲೇ ಬಳಸದೆ, ಫೋನ್ ಕರೆ, ಇಮೇಲ್ ಅಥವಾ ಮುಖತಃ ಭೇಟಿಯಲ್ಲಿ ಒಪ್ಪಿಗೆಯನ್ನು ಹೊಸದಾಗಿ ಪಡೆಯಿರಿ.

ಸಂದೇಶವನ್ನು ಬರೆಯುವುದು

ಸಂದೇಶದ ಆರಂಭದಲ್ಲಿಯೇ ಸಂಸ್ಥೆಯ ಹೆಸರಿರಲಿ. ನಿಮ್ಮ ಹೆಡರ್ ನಿಮಗೆ ಚಿರಪರಿಚಿತವಾದರೂ ಪಡೆಯುವವರಿಗೆ ಅದು ಕೆಲವು ಅಕ್ಷರ ಅಥವಾ ಅಂಕಿಗಳ ಗುಂಪು ಮಾತ್ರ. ಹೆಸರಿನ ಬೆನ್ನಿಗೆ, ಅವರಿಗೆ ಈ ಸಂದೇಶ ಏಕೆ ಬಂದಿದೆ ಎಂಬುದು ತಿಳಿಯುವಂತಿದ್ದರೆ ಇನ್ನೂ ಒಳ್ಳೆಯದು: ‘ನೀವು ಕಳೆದ ಶಿಬಿರದಲ್ಲಿ ದಾನಿಯಾಗಿ ಹೆಸರು ಕೊಟ್ಟಿದ್ದೀರಿ’ ಎಂಬ ಒಂದು ಸಾಲು ಎಷ್ಟೋ ದೂರುಗಳನ್ನು ತಪ್ಪಿಸುತ್ತದೆ.

ವಂಚಕರು ಬಳಸುವ ಭಾಷೆಗೂ ಸೇವಾಸಂಸ್ಥೆಗಳ ಮನವಿಯ ಭಾಷೆಗೂ ದುರದೃಷ್ಟವಶಾತ್ ಹೋಲಿಕೆ ಹೆಚ್ಚು. ‘ತಕ್ಷಣ’, ‘ಕೊನೆಯ ಅವಕಾಶ’, ‘ಈಗಲೇ ಕ್ಲಿಕ್ ಮಾಡಿ’, ‘ಹಣ ಕಳುಹಿಸಿ’ ಎಂಬ ಮಾತುಗಳು ಒಂದರ ಹಿಂದೊಂದು ಬಂದು, ಜೊತೆಗೆ ಸಾಲುಸಾಲು ಆಶ್ಚರ್ಯಸೂಚಕ ಚಿಹ್ನೆಗಳೂ ಒಂದು ಲಿಂಕೂ ಸೇರಿದರೆ, ಅದು ಬ್ಯಾಂಕಿನ ಹೆಸರಿನಲ್ಲಿ ಬರುವ ಮೋಸದ ಸಂದೇಶಕ್ಕಿಂತ ಬೇರೆಯಾಗಿ ಕಾಣುವುದಿಲ್ಲ. ತುರ್ತನ್ನು ಆವೇಶದ ಪದಗಳಿಂದಲ್ಲ, ವಿವರಗಳಿಂದ ತಿಳಿಸಿ. ‘ತುರ್ತು! ತುರ್ತು! ಜೀವ ಉಳಿಸಿ, ಈಗಲೇ ಕ್ಲಿಕ್ ಮಾಡಿ’ ಎಂಬುದಕ್ಕಿಂತ ‘ಒ ನೆಗೆಟಿವ್ ರಕ್ತ ಇಂದು ಸಂಜೆ 6ರೊಳಗೆ ಬೇಕಾಗಿದೆ. ಬರಲು ಸಾಧ್ಯವಿದ್ದರೆ ಹೌದು ಎಂದು ಉತ್ತರಿಸಿ’ ಎಂಬುದು ಓದುವವರಲ್ಲಿಯೂ ಹೆಚ್ಚು ವಿಶ್ವಾಸ ಮೂಡಿಸುತ್ತದೆ, ಜರಡಿಯನ್ನೂ ಸುಲಭವಾಗಿ ದಾಟುತ್ತದೆ. ಉತ್ತರವನ್ನು ಕೇಳುವ ಸಂದೇಶಕ್ಕೆ ಇನ್ನೊಂದು ಗುಣವಿದೆ. ಜನ ಮರಳಿ ಬರೆಯುವ ಸಂಖ್ಯೆ ಜೀವಂತ ಮಾತುಕತೆಯ ಸಂಖ್ಯೆಯಂತೆ ಕಾಣುತ್ತದೆ.

ಲಿಂಕ್ ವಿಷಯದಲ್ಲಿ ಬಹಳ ಎಚ್ಚರಿಕೆ ಬೇಕು. ಎಲ್ಲರಿಗೂ ಮುಕ್ತವಾಗಿರುವ ಉಚಿತ ಸೇವೆಗಳಲ್ಲಿ ಚಿಕ್ಕದಾಗಿಸಿದ ಲಿಂಕುಗಳನ್ನು ಟೆಲಿಕಾಂ ಕಂಪನಿಗಳು ಅನುಮಾನದಿಂದಲೇ ನೋಡುತ್ತವೆ. ಏಕೆಂದರೆ ಅವುಗಳ ಹಿಂದೆ ಯಾವ ತಾಣವಿದೆ ಎಂಬುದು ಕಾಣುವುದಿಲ್ಲ ಮತ್ತು ಅದೇ ವಿಳಾಸವನ್ನು ಸಾವಿರಾರು ವಂಚಕರೂ ಹಂಚಿಕೊಂಡಿರುತ್ತಾರೆ. ಅವರ ಕೆಟ್ಟ ಹೆಸರು ನಿಮಗೂ ಅಂಟುತ್ತದೆ. ನಿಮ್ಮ ಸಂಸ್ಥೆಯ ಸ್ವಂತ ಜಾಲತಾಣದ ಪೂರ್ಣ ವಿಳಾಸವನ್ನೇ ಕೊಡಿ. ಚಿಕ್ಕದಾಗಬೇಕಿದ್ದರೆ ನಿಮ್ಮ ತಾಣದೊಳಗೇ ಒಂದು ಚಿಕ್ಕ ಹೆಸರಿನ ಪುಟ ಮಾಡಿಕೊಳ್ಳಿ. ಒಂದು ಸಂದೇಶದಲ್ಲಿ ಒಂದಕ್ಕಿಂತ ಹೆಚ್ಚು ಲಿಂಕ್ ಬೇಡ. ಅದು ಬೇರೆ ಬೇರೆ ತಾಣಗಳನ್ನು ಸುತ್ತಿ ಕೊನೆಗೆ ಪುಟಕ್ಕೆ ಕರೆದೊಯ್ಯುವಂತೆಯೂ ಇರಬಾರದು. ಲಿಂಕೇ ಇಲ್ಲದೆ ಕೆಲಸ ಆಗುವುದಾದರೆ ಅದೇ ಎಲ್ಲಕ್ಕಿಂತ ಉತ್ತಮ. ವೈಯಕ್ತಿಕ ವಿವರ, ಪಾಸ್‌ವರ್ಡ್ ಅಥವಾ ಬ್ಯಾಂಕ್ ಖಾತೆಯ ಮಾಹಿತಿಯನ್ನು ಸಂದೇಶದಲ್ಲಿ ಎಂದಿಗೂ ಕೇಳಬೇಡಿ.

ನಿಮ್ಮ ವಿಷಯವೇ ಜರಡಿಗೆ ಸಿಲುಕುವಂಥದ್ದಾಗಿರಬಹುದು. ಮದ್ಯವ್ಯಸನ ಬಿಡಿಸುವ, ತಂಬಾಕಿನ ವಿರುದ್ಧ ಕೆಲಸ ಮಾಡುವ, ಲೈಂಗಿಕ ಆರೋಗ್ಯದ ಅರಿವು ಮೂಡಿಸುವ ಸಂಸ್ಥೆಗಳು ಇದನ್ನು ಮೊದಲೇ ತಿಳಿದಿರಬೇಕು. ಅಮೆರಿಕದ ಟೆಲಿಕಾಂ ವಲಯದಲ್ಲಿ ಲೈಂಗಿಕ ವಿಷಯ, ದ್ವೇಷ, ಮದ್ಯ, ಬಂದೂಕು, ತಂಬಾಕು ಎಂಬ ಐದನ್ನು ನಿರ್ಬಂಧಿತ ವಿಷಯಗಳೆಂದು ಒಟ್ಟಾಗಿ ನೋಡುವ ರೂಢಿಯಿದೆ. ನಿಮ್ಮದು ಅದರ ವಿರುದ್ಧದ ಕೆಲಸ ಎಂಬುದನ್ನು ಯಂತ್ರ ತಿಳಿಯಲಾರದು; ನೋಂದಣಿ ಅರ್ಜಿಯ ವಿವರಣೆಯಲ್ಲಿ ಸಂಸ್ಥೆಯ ಕೆಲಸವನ್ನು ಬಿಡಿಸಿ ಬರೆದು, ಸಂದೇಶದಲ್ಲಿ ಆ ಪದಗಳ ಬದಲು ‘ನಿಮ್ಮ ಬುಧವಾರದ ಸಭೆ’, ‘ನಿಮ್ಮ ಸಮಾಲೋಚನೆ’ ಎಂಬ ಮಾತುಗಳನ್ನು ಬಳಸಿ. ಪಡೆಯುವವರ ಖಾಸಗಿತನಕ್ಕೂ ಅದೇ ಒಳ್ಳೆಯದು, ಏಕೆಂದರೆ ಫೋನಿನ ಪರದೆಯನ್ನು ಪಕ್ಕದವರೂ ನೋಡುತ್ತಾರೆ.

ಕನ್ನಡದಲ್ಲಿ ಬರೆಯುವವರು ಉದ್ದದ ಲೆಕ್ಕವನ್ನು ಬೇರೆಯಾಗಿ ಕಲಿಯಬೇಕು. ಒಂದು ಎಸ್‌ಎಂಎಸ್ ಹೊರುವ ಭಾರ 140 ಬೈಟ್ ಮಾತ್ರ. ಸರಳ ಇಂಗ್ಲಿಷ್ ಅಕ್ಷರಗಳು ಏಳು ಬಿಟ್‌ಗಳಲ್ಲಿ ಅಡಗುವುದರಿಂದ ಅದರಲ್ಲಿ 160 ಹಿಡಿಯುತ್ತವೆ. ಕನ್ನಡದ ಪ್ರತಿ ಚಿಹ್ನೆಗೆ ಹದಿನಾರು ಬಿಟ್ ಬೇಕಾಗುವುದರಿಂದ 70 ಮಾತ್ರ ಹಿಡಿಯುತ್ತವೆ. ಸಂದೇಶ ಒಂದನ್ನು ಮೀರಿ ಹಲವು ತುಂಡುಗಳಾದಾಗ, ಅವನ್ನು ಮತ್ತೆ ಜೋಡಿಸುವ ಮಾಹಿತಿಗೂ ಜಾಗ ಬೇಕಾಗಿ ಪ್ರತಿ ತುಂಡಿಗೆ 67 ಉಳಿಯುತ್ತವೆ. ಇಲ್ಲಿ ಎಣಿಕೆಗೆ ಬರುವುದು ಕಣ್ಣಿಗೆ ಕಾಣುವ ಅಕ್ಷರವಲ್ಲ, ಅದರೊಳಗಿನ ಘಟಕಗಳು. ‘ಸ್ತ್ರೀ’ ಎಂಬುದು ನಮಗೆ ಒಂದೇ ಅಕ್ಷರ, ಯಂತ್ರಕ್ಕೆ ಆರು. ‘ರಕ್ತದಾನ ಶಿಬಿರ ನಾಳೆ ಬೆಳಿಗ್ಗೆ 10ಕ್ಕೆ.’ ಎಂಬ ಪುಟ್ಟ ವಾಕ್ಯವೇ 35 ಘಟಕಗಳನ್ನು ನುಂಗಿ ಒಂದು ಸಂದೇಶದ ಅರ್ಧ ಜಾಗವನ್ನು ತೆಗೆದುಕೊಳ್ಳುತ್ತದೆ. ಇಂಗ್ಲಿಷ್ ಸಂದೇಶದಲ್ಲಿಯೂ ಒಂದು ಎಮೋಜಿ ಅಥವಾ ಬರವಣಿಗೆ ತಂತ್ರಾಂಶದಿಂದ ನುಸುಳಿದ ಒಂದು ಬಾಗಿದ ಉದ್ಧರಣ ಚಿಹ್ನೆ ಸೇರಿದರೆ ಸಾಕು, ಇಡೀ ಸಂದೇಶ 70ರ ಲೆಕ್ಕಕ್ಕೆ ಇಳಿಯುತ್ತದೆ.

ತುಂಡು ಹೆಚ್ಚಾದಂತೆ ಖರ್ಚು ಹೆಚ್ಚುವುದಲ್ಲದೆ, ಒಂದು ತುಂಡು ದಾರಿಯಲ್ಲಿ ಉಳಿದುಹೋಗಿ ಅರ್ಧ ಸಂದೇಶ ತಲುಪುವ ಸಂಭವವೂ ಹೆಚ್ಚುತ್ತದೆ. ಅರ್ಧ ಸಂದೇಶ ಯಾರಿಗೇ ಆದರೂ ಅನುಮಾನಾಸ್ಪದವಾಗಿಯೇ ಕಾಣುತ್ತದೆ. ಹಾಗೆಂದು ಕನ್ನಡವನ್ನು ಬಿಟ್ಟು ಇಂಗ್ಲಿಷ್ ಲಿಪಿಯಲ್ಲಿ ಕನ್ನಡ ಬರೆಯಿರಿ ಎಂದು ನಾನು ಹೇಳಲಾರೆ. ಜನರಿಗೆ ಓದಲು ಸುಲಭವಾದ ಲಿಪಿಯಲ್ಲಿ ಬಂದ ಸಂದೇಶವನ್ನು ಅವರು ನಂಬುತ್ತಾರೆ. ಎರಡು ತುಂಡುಗಳ ಮಿತಿ ಇಟ್ಟುಕೊಂಡು, ಗೌರವವಾಚಕಗಳ ಸರಮಾಲೆಯನ್ನೂ ಪೀಠಿಕೆಯನ್ನೂ ಬಿಟ್ಟು, ವಿಷಯವನ್ನು ನೇರವಾಗಿ ಬರೆದರೆ ಸಾಕಾಗುತ್ತದೆ.

ಬೇಡವೆಂದವರನ್ನು ಬಿಡುವುದು

ನಿಲ್ಲಿಸುವ ದಾರಿ ಸುಲಭವಾಗಿದ್ದರೆ ಜನ ಸ್ಪ್ಯಾಮ್ ಗುಂಡಿಯನ್ನು ಒತ್ತುವುದಿಲ್ಲ. ಮೊದಲ ಸಂದೇಶದಲ್ಲಿಯೂ, ಅನಂತರ ಕಾಲಕಾಲಕ್ಕೆಯೂ ‘ನಿಲ್ಲಿಸಲು ಸ್ಟಾಪ್ ಎಂದು ಉತ್ತರಿಸಿ’ ಎಂಬ ಸಾಲು ಇರಲಿ. ಅಕ್ಷರಹೆಸರಿನಿಂದ ಹೋಗುವ ಸಂದೇಶಗಳಿಗೆ ಉತ್ತರ ಬರೆಯಲು ಸಾಧ್ಯವಿಲ್ಲವಾದ್ದರಿಂದ, ಅಲ್ಲಿ ನಿಲ್ಲಿಸಲು ಬೇರೊಂದು ಸಂಖ್ಯೆಯನ್ನೋ ಜಾಲಪುಟವನ್ನೋ ಕೊಡಬೇಕು. ಸಾಫ್ಟ್‌ವೇರ್ ಗುರುತಿಸುವುದು ಸಾಮಾನ್ಯವಾಗಿ ಇಂಗ್ಲಿಷ್ ಪದಗಳನ್ನು ಮಾತ್ರ. ‘ಬೇಡ’, ‘ನಿಲ್ಲಿಸಿ’, ‘ದಯವಿಟ್ಟು ಕಳಿಸಬೇಡಿ’ ಎಂದು ಕನ್ನಡದಲ್ಲಿ ಬರೆದವರ ಉತ್ತರಗಳನ್ನು ಒಬ್ಬರು ಪ್ರತಿದಿನ ಓದಿ ಕೈಯಿಂದಲೇ ಪಟ್ಟಿಯಿಂದ ತೆಗೆಯಬೇಕು. ಅಮೆರಿಕದಲ್ಲಿ 2025ರ ಏಪ್ರಿಲ್‌ನಿಂದ ಜಾರಿಗೆ ಬಂದ ನಿಯಮದಂತೆ ಇಂಥ ಕೋರಿಕೆಯನ್ನು ಹೆಚ್ಚೆಂದರೆ ಹತ್ತು ಕೆಲಸದ ದಿನಗಳೊಳಗೆ ಪಾಲಿಸಬೇಕು. ಆದರೆ ಹತ್ತು ದಿನ ಕಾಯುವ ಅಗತ್ಯವೇನಿದೆ? ಅಂದೇ ತೆಗೆಯಿರಿ. ತೆಗೆದವರ ಸಂಖ್ಯೆಯನ್ನು ಅಳಿಸಿಹಾಕದೆ ‘ಕಳುಹಿಸಬಾರದು’ ಎಂಬ ಪ್ರತ್ಯೇಕ ಪಟ್ಟಿಯಲ್ಲಿಡಿ. ಇಲ್ಲವಾದರೆ ಮುಂದಿನ ಶಿಬಿರದ ಹಾಳೆಯನ್ನು ಸೇರಿಸುವಾಗ ಅವರು ಅರಿವಿಲ್ಲದೆ ಮತ್ತೆ ಒಳಗೆ ಬರುತ್ತಾರೆ.

ಕಳುಹಿಸುವ ವೇಗ ಮತ್ತು ಹೊತ್ತು

ಹೊಸ ಸಂಖ್ಯೆಯಿಂದ ಮೊದಲ ದಿನವೇ ಇಡೀ ಪಟ್ಟಿಗೆ ಕಳುಹಿಸಬೇಡಿ. ನಿಮ್ಮನ್ನು ಚೆನ್ನಾಗಿ ಬಲ್ಲ ಸ್ವಯಂಸೇವಕರಿಂದ ಆರಂಭಿಸಿ, ಅವರಿಂದ ಉತ್ತರ ಬರುವಂಥ ಸಂದೇಶ ಕಳುಹಿಸಿ, ಕೆಲವು ವಾರಗಳಲ್ಲಿ ಪ್ರಮಾಣವನ್ನು ಮೆಲ್ಲನೆ ಏರಿಸುತ್ತಾ ಹೋಗಿ. ತಿಂಗಳುಗಟ್ಟಲೆ ಮೌನವಾಗಿದ್ದು ವರ್ಷದ ಕೊನೆಯ ದೇಣಿಗೆ ಸಂಗ್ರಹಕ್ಕೆ ಮಾತ್ರ ಎಚ್ಚರಗೊಳ್ಳುವ ಸಂಖ್ಯೆಯೂ ಹೊಸ ಸಂಖ್ಯೆಯಷ್ಟೇ ಅನುಮಾನಕ್ಕೆ ಗುರಿಯಾಗುತ್ತದೆ. ದೊಡ್ಡ ಪಟ್ಟಿಯನ್ನು ಹಲವು ಸಂಖ್ಯೆಗಳ ನಡುವೆ ಹಂಚಿ ಒಂದೇ ಪಠ್ಯ ಕಳುಹಿಸುವ ಉಪಾಯವನ್ನು ಯಾರಾದರೂ ಹೇಳಿಕೊಟ್ಟರೆ ಒಪ್ಪಬೇಡಿ. ಜರಡಿಯನ್ನು ವಂಚಿಸಲು ಸ್ಪ್ಯಾಮ್ ಕಳುಹಿಸುವವರು ಬಳಸುವ ಹಳೆಯ ತಂತ್ರವದು, ಅದನ್ನು ಹಿಡಿಯಲೆಂದೇ ಜರಡಿಗಳು ಪಠ್ಯಗಳ ಹೋಲಿಕೆಯನ್ನು ನೋಡುತ್ತವೆ.

ಹೊತ್ತಿನ ವಿಷಯದಲ್ಲಿ, ಪಡೆಯುವವರು ಇರುವ ಸ್ಥಳದ ಗಡಿಯಾರವನ್ನು ನೋಡಿ ಹಗಲಿನಲ್ಲಿ ಕಳುಹಿಸಿ. ನಿಜವಾದ ತುರ್ತಿನ ಹೊರತು ರಾತ್ರಿಯ ಸಂದೇಶ ಬೇಡ.

ಕಳುಹಿಸಿದ ಮೇಲೆ ನೋಡಬೇಕಾದದ್ದು

ಬೇರೆ ಬೇರೆ ಟೆಲಿಕಾಂ ಕಂಪನಿಗಳ ಸಿಮ್ ಇರುವ, ಬೇರೆ ಬೇರೆ ತಯಾರಕರ ನಾಲ್ಕೈದು ಫೋನುಗಳನ್ನು ನಿಮ್ಮ ತಂಡದವರಲ್ಲಿಯೇ ಗುರುತಿಸಿ, ಆ ಸಂಖ್ಯೆಗಳನ್ನು ಪ್ರತಿ ಪಟ್ಟಿಯಲ್ಲಿಯೂ ಸೇರಿಸಿ. ಆ ಫೋನುಗಳಲ್ಲಿ ಸಂಸ್ಥೆಯ ಸಂಖ್ಯೆಯನ್ನು ಹೆಸರು ಹಾಕಿ ಉಳಿಸಿಕೊಂಡಿರಬಾರದು, ಏಕೆಂದರೆ ಪರಿಚಿತ ಸಂಖ್ಯೆಯಿಂದ ಬಂದದ್ದನ್ನು ಆ್ಯಪ್ ಸಾಮಾನ್ಯವಾಗಿ ಬೇರೆಯಾಗಿಯೇ ನಡೆಸಿಕೊಳ್ಳುತ್ತದೆ. ಇದಕ್ಕೆ ತದ್ವಿರುದ್ಧವಾಗಿ ನಿಮ್ಮ ದಾನಿಗಳಿಗೆ, ಸಂಖ್ಯೆಯನ್ನು ಸಂಸ್ಥೆಯ ಹೆಸರಿನಲ್ಲಿ ಉಳಿಸಿಕೊಳ್ಳುವಂತೆ ಮೊದಲ ಸಂದೇಶದಲ್ಲಿಯೇ ವಿನಂತಿಸಿಕೊಳ್ಳಿ. ಇಷ್ಟು ಕಡಿಮೆ ಶ್ರಮಕ್ಕೆ ಇಷ್ಟು ಫಲ ಕೊಡುವ ಕೆಲಸ ಇನ್ನೊಂದಿಲ್ಲ.

ಮೊದಲು ಪಟ್ಟಿಯ ಒಂದು ಸಣ್ಣ ಭಾಗಕ್ಕೆ ಕಳುಹಿಸಿ, ತಲುಪಿದ ರಸೀದಿಗಳನ್ನು ನೋಡಿ, ಎಲ್ಲವೂ ಸರಿಯಿದ್ದರೆ ಉಳಿದವರಿಗೆ ಕಳುಹಿಸಿ. ತಲುಪದಿದ್ದಲ್ಲಿ ಸಾಫ್ಟ್‌ವೇರ್ ಕೊಡುವ ದೋಷಸಂಖ್ಯೆಯನ್ನು ಓದುವ ಅಭ್ಯಾಸ ಮಾಡಿಕೊಳ್ಳಿ. ಉದಾಹರಣೆಗೆ ಟ್ವಿಲಿಯೊ ಸೇವೆಯಲ್ಲಿ 30003 ಎಂದರೆ ಫೋನ್ ಸಂಪರ್ಕಕ್ಕೆ ಸಿಗಲಿಲ್ಲ, 30007 ಎಂದರೆ ಸಂದೇಶವನ್ನು ಶೋಧಿಸಿ ತಡೆಯಲಾಗಿದೆ, 30034 ಎಂದರೆ ಸಂಖ್ಯೆ ನೋಂದಣಿಗೆ ಜೋಡಣೆಯಾಗಿಲ್ಲ. ಈ ಮೂರಕ್ಕೂ ಮದ್ದು ಬೇರೆ ಬೇರೆ. ಒಂದೇ ಕಂಪನಿಯ ಗ್ರಾಹಕರಿಗೆ ಮಾತ್ರ ತಲುಪದಿದ್ದರೆ ತಡೆ ಆ ಕಂಪನಿಯ ಜರಡಿಯಲ್ಲಿದೆ. ಎಲ್ಲರಿಗೂ ತಲುಪದಿದ್ದರೆ ನೋಂದಣಿ ಅಥವಾ ಟೆಂಪ್ಲೇಟಿನಲ್ಲಿ ದೋಷವಿದೆ ಎಂದು ಊಹಿಸಬಹುದು. ಲಿಂಕ್ ಇದ್ದ ಸಂದೇಶ ಮಾತ್ರ ನಿಂತಿದ್ದರೆ ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ.

ತಡೆಯಾದದ್ದು ಖಚಿತವಾದಾಗ ಕೈ ತಾನಾಗಿ ‘ಮತ್ತೆ ಕಳುಹಿಸಿ’ ಎಂಬ ಗುಂಡಿಯ ಕಡೆಗೆ ಹೋಗುತ್ತದೆ. ಅದನ್ನು ಒತ್ತಬೇಡಿ, ಬೇರೊಂದು ಸಂಖ್ಯೆ ಪಡೆದು ಅದೇ ಪಠ್ಯವನ್ನು ಕಳುಹಿಸಲೂ ಬೇಡಿ. ಎರಡೂ ಅನುಮಾನವನ್ನು ದೃಢಪಡಿಸುತ್ತವೆ. ಕಳುಹಿಸುವುದನ್ನು ನಿಲ್ಲಿಸಿ, ತಡೆಯಾದ ಮೂರು ನಾಲ್ಕು ಸಂದೇಶಗಳ ಗುರುತುಸಂಖ್ಯೆ, ಕಳುಹಿಸಿದ ಸಮಯ, ದೋಷಸಂಖ್ಯೆ, ಪೂರ್ಣ ಪಠ್ಯ, ಒಪ್ಪಿಗೆ ಪಡೆದ ಅರ್ಜಿಯ ಚಿತ್ರ ಇವಿಷ್ಟನ್ನು ಒಟ್ಟುಗೂಡಿಸಿ ನಿಮ್ಮ ಸೇವೆಯ ಸಹಾಯ ವಿಭಾಗಕ್ಕೆ ಬರೆಯಿರಿ. ಟೆಲಿಕಾಂ ಕಂಪನಿಯೊಡನೆ ಮಾತನಾಡುವ ದಾರಿ ಸಾಮಾನ್ಯವಾಗಿ ಅವರ ಮೂಲಕವೇ ಇರುತ್ತದೆ. ‘ನಮ್ಮದು ಸೇವಾಸಂಸ್ಥೆ, ದಯವಿಟ್ಟು ಬಿಡಿ’ ಎಂಬ ಪತ್ರಕ್ಕಿಂತ ಈ ದಾಖಲೆಗಳಿರುವ ಪತ್ರಕ್ಕೆ ಬೇಗ ಉತ್ತರ ಬರುವುದನ್ನು ನಾನು ಕಂಡಿದ್ದೇನೆ. ಉತ್ತರ ಬರುವವರೆಗೆ ತುರ್ತು ಕೆಲಸ ನಿಲ್ಲದಂತೆ, ಫೋನ್ ಕರೆ ಮಾಡಬೇಕಾದ ದಾನಿಗಳ ಹೆಸರನ್ನು ರಕ್ತದ ಗುಂಪಿನ ಪ್ರಕಾರ ಕಾಗದದ ಮೇಲೆ ಮುದ್ರಿಸಿ, ಯಾವ ಸ್ವಯಂಸೇವಕರು ಯಾರಿಗೆ ಕರೆ ಮಾಡಬೇಕು ಎಂಬುದನ್ನು ಗುರುತು ಹಾಕಿಟ್ಟುಕೊಂಡಿರಿ. ತಡೆ ತೆರವಾದ ಮೇಲೆ ಮತ್ತೆ ಸಣ್ಣ ಗುಂಪಿನಿಂದಲೇ ಆರಂಭಿಸಿ.